ಟೊರಾಂಟೊದ ಲೆಸ್ಲಿ ಸ್ಟ್ರೀಟ್ ಸ್ಪಿಟ್: ಗೇಟಿನಿಂದ ದೀಪಸ್ತಂಭದವರೆಗೆ ನಡೆಯುವವರಿಗೆ ಮಾರ್ಗದರ್ಶಿ

ಟೊರಾಂಟೊಗೆ ಹೊಸದಾಗಿ ಬಂದವರು, ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮಂದಿರು, ಹೊಸ ಕ್ಯಾಮೆರಾ ಕೊಂಡವರು, ಎಲ್ಲರೂ ಲೆಸ್ಲಿ ಸ್ಟ್ರೀಟ್ ಸ್ಪಿಟ್, ಅಂದರೆ ಒಂಟಾರಿಯೊ ಸರೋವರದೊಳಗೆ ಉದ್ದಕ್ಕೆ ಚಾಚಿರುವ ಪಾರ್ಕಿನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವಾಗ ತೆರೆದಿರುತ್ತದೆ? ಎಷ್ಟು ದೂರ? ವಯಸ್ಸಾದವರು ನಡೆಯಬಹುದಾ? ಹೋದರೆ ನೋಡುವುದೇನು? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಕಳೆಯೋಣ. ಮ್ಯಾಪಿನಲ್ಲಿ ಟಾಮಿ ಥಾಮ್ಸನ್ ಪಾರ್ಕ್ ಅಂತ ಒಂದು ಹೆಸರು ಕಾಣುತ್ತದೆ. ಜನ ಮಾತ್ರ ಸ್ಪಿಟ್ ಅನ್ನುತ್ತಾರೆ. ಎರಡೂ ಒಂದೇ ಜಾಗ. 1985ರಲ್ಲಿ ಇದಕ್ಕೆ ಟಾಮಿ ಥಾಮ್ಸನ್ ಹೆಸರಿಟ್ಟರು. ಅವರು ಮೆಟ್ರೊ ಟೊರಾಂಟೊದ, ಅಂದರೆ ಆಗಿನ ಮಹಾನಗರ ಆಡಳಿತದ, ಮೊದಲ ಪಾರ್ಕ್ಸ್ ಕಮಿಷನರ್. ‘ದಯವಿಟ್ಟು ಹುಲ್ಲಿನ ಮೇಲೆ ನಡೆಯಿರಿ’ ಅಂತ ಪಾರ್ಕುಗಳಲ್ಲಿ ಬೋರ್ಡು ಹಾಕಿಸಿದ್ದವರು ಅಂತಲೇ ಜನ ಅವರನ್ನು ನೆನೆಯುತ್ತಾರೆ.

ಇದು ಎಂಥ ಜಾಗ

ನೀವು ನಡೆಯಲಿರುವ ನೆಲ ಎಪ್ಪತ್ತು ವರ್ಷದ ಹಿಂದೆ ಇರಲೇ ಇಲ್ಲ. ಅಲ್ಲಿ ಇದ್ದದ್ದು ಒಂಟಾರಿಯೊ ಸರೋವರದ ನೀರು. 1959ರಲ್ಲಿ ಟೊರಾಂಟೊದ ಬಂದರು ಮಂಡಳಿ ಇಲ್ಲಿ ಮಣ್ಣು, ಕಲ್ಲು ತುಂಬಿಸಲು ಶುರುಮಾಡಿತು. ಅದೇ ವರ್ಷ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆಯಿತು. ಸಮುದ್ರದಿಂದ ದೊಡ್ಡ ದೊಡ್ಡ ಹಡಗುಗಳು ಟೊರಾಂಟೊವರೆಗೂ ಬರುತ್ತವೆ, ಅವಕ್ಕೆ ಹೊರಬಂದರು ಬೇಕಾಗುತ್ತದೆ, ಆ ಬಂದರಿಗೆ ಒಂದು ಅಲೆತಡೆ ಬೇಕು ಅನ್ನುವುದು ಲೆಕ್ಕಾಚಾರ. ಅಲೆತಡೆ ಅಂದರೆ ಅಲೆಗಳ ಹೊಡೆತವನ್ನು ತಡೆಯಲು ನೀರಿನೊಳಗೆ ಕಟ್ಟುವ ಉದ್ದನೆಯ ದಿಬ್ಬ. ಆದರೆ ಸರಕು ಸಾಗಣೆ ಕಂಟೇನರ್‌ಗಳ ಕಡೆ ತಿರುಗಿತು. ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ. ಲಾರಿಗಳು ಮಾತ್ರ ಬರುತ್ತಲೇ ಇದ್ದವು. ನಗರ ಬೆಳೆಯುವಾಗ ಕೆಡವಿದ ಕಟ್ಟಡಗಳ ಇಟ್ಟಿಗೆ, ಕಾಂಕ್ರೀಟು, ಅಡಿಪಾಯ ತೋಡಿದ ಮಣ್ಣು ಎಲ್ಲ ಇಲ್ಲಿಗೇ ಬಂದು ಬಿತ್ತು. 1970ರ ದಶಕದಲ್ಲಿ ಹೊರಬಂದರಿನ ತಳದಿಂದ ತೆಗೆದ ಮರಳನ್ನೂ ಇಲ್ಲೇ ಸುರಿದರು. ಹೀಗೆ ಸರೋವರದೊಳಗೆ ಸುಮಾರು 5 ಕಿಲೋಮೀಟರ್ ಚಾಚಿದ ನೆಲ ಹುಟ್ಟಿತು.

ಆ ನೆಲದ ಮೇಲೆ ಕಾಡು ತಾನಾಗಿಯೇ ಬಂತು. ಆಮೇಲೆ ಕೆಲವು ಕಡೆ ಗಿಡ ನೆಟ್ಟಿದ್ದಾರೆ, ಜೌಗು ಮಾಡಿದ್ದಾರೆ, ನಿಜ. ಆದರೆ ಮೊದಲು ಬೇರು ಬಿಟ್ಟಿದ್ದು ಗಾಳಿ, ನೀರು, ಹಕ್ಕಿ ತಂದ ಬೀಜಗಳು. ಇಲ್ಲಿ ನಡೆಯುವಾಗ ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ದೀಪಸ್ತಂಭ ಮುಟ್ಟಿ ಬರುವುದೇ ಗುರಿ ಅಂತ ದಾಪುಗಾಲು ಹಾಕಿದವರು ಕೊನೆಗೆ ‘ಉದ್ದದ ರಸ್ತೆ, ಅಷ್ಟೇ’ ಅಂತ ಬೇಸರದಿಂದ ವಾಪಸ್ ಬರುತ್ತಾರೆ. ನೋಡುವಂಥದ್ದೆಲ್ಲ ದಾರಿಯ ಎರಡು ಬದಿಯಲ್ಲಿದೆ, ಕಾಲ ಕೆಳಗೂ ಇದೆ.

ಜೊತೆಗೆ ಇರಬೇಕಾದದ್ದು

ದಪ್ಪ ಅಟ್ಟೆಯ ಶೂ, ಚಪ್ಪಲಿ ಬೇಡ. ಒಬ್ಬೊಬ್ಬರಿಗೂ ಕನಿಷ್ಠ ಒಂದು ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ತಿನ್ನಲು ಏನಾದರೂ. ಗಾಳಿ ತಡೆಯುವ ಒಂದು ಜಾಕೆಟ್. ಟೋಪಿ. ಕಸ ವಾಪಸ್ ತರಲು ಒಂದು ಚೀಲ. ದುರ್ಬೀನು ಇದ್ದರೆ ಖಂಡಿತ ತನ್ನಿ, ಇಲ್ಲಿ ಅದರಿಂದ ಆಗುವ ಉಪಯೋಗ ಕ್ಯಾಮೆರಾದಿಂದ ಆಗುವುದಿಲ್ಲ. ಒಳಗೆ ಅಂಗಡಿ, ಹೋಟೆಲು ಇಲ್ಲ. ಕುಡಿಯುವ ನೀರು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಜಾಕೆಟ್ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಕಾರಣ ಹೇಳುತ್ತೇನೆ. ಸರೋವರದ ನೀರು ನಿಧಾನವಾಗಿ ಬಿಸಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಗರದ ಬೀದಿಯಲ್ಲಿ ಬೆಚ್ಚಗಿದ್ದರೂ ನೀರು ಇನ್ನೂ ಕೊರೆಯುತ್ತಿರುತ್ತದೆ. ಅದರ ಮೇಲಿಂದ ಬರುವ ಗಾಳಿ ಸ್ಪಿಟ್‌ನ ತುದಿಯನ್ನು ಹಲವು ಡಿಗ್ರಿ ತಣ್ಣಗೆ ಮಾಡಿಬಿಡುತ್ತದೆ. ಮನೆಯ ಹತ್ತಿರದ ಹವೆ ನೋಡಿ ಟೀ ಶರ್ಟಿನಲ್ಲಿ ಬಂದವರು ಅರ್ಧ ದಾರಿಯಲ್ಲಿ ನಡುಗುತ್ತಾ ತಿರುಗುತ್ತಾರೆ.

1. ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ವಾರದ ದಿನಗಳಲ್ಲಿ ಹಗಲು ಹೊತ್ತು ಲಾರಿಗಳು ಓಡಾಡುತ್ತವೆ. ತುಂಬಿಸುವ ಕೆಲಸ ಇನ್ನೂ ನಿಂತಿಲ್ಲ. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ಜನರಿಗೆ ಪ್ರವೇಶ ಸಂಜೆ 4ರ ನಂತರವೇ. ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಬೆಳಗಿನಿಂದಲೇ ತೆರೆದಿರುತ್ತದೆ. ರಜೆ ಹಾಕಿ ಬುಧವಾರ ಬೆಳಿಗ್ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಮುಚ್ಚಿದ ಗೇಟಿನ ಮುಂದೆ ನಿಲ್ಲಬೇಡಿ. ಪಾರ್ಕನ್ನು ನೋಡಿಕೊಳ್ಳುವುದು ಟಿಆರ್‌ಸಿಎ, ಅಂದರೆ ಟೊರಾಂಟೊ ವಲಯದ ನದಿ, ಜಲಾನಯನಗಳನ್ನು ಕಾಯುವ ಸಂರಕ್ಷಣಾ ಪ್ರಾಧಿಕಾರ. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್‌ನಲ್ಲಿ ಸಮಯವನ್ನು ಒಮ್ಮೆ ನೋಡಿಕೊಳ್ಳಿ. ಚಳಿಗಾಲದ ಹಬ್ಬದ ದಿನಗಳಲ್ಲಿ, ದುರಸ್ತಿ ಇದ್ದಾಗ ಬದಲಾಗಬಹುದು. ಪ್ರವೇಶ ಶುಲ್ಕ ಇಲ್ಲ.

ಯಾವ ತಿಂಗಳು ಒಳ್ಳೆಯದು? ನನ್ನನ್ನು ಕೇಳಿದರೆ ಮೇ ತಿಂಗಳ ನಡುವಿನ ಎರಡು ವಾರ. ದಕ್ಷಿಣದಿಂದ ವಲಸೆ ಬರುವ ಪುಟ್ಟ ಹಕ್ಕಿಗಳು ರಾತ್ರಿಯಿಡೀ ಹಾರಿ ಒಂಟಾರಿಯೊ ಸರೋವರ ದಾಟುತ್ತವೆ. ದಣಿದು ಬರುವ ಅವಕ್ಕೆ ಮೊದಲು ಸಿಗುವ ನೆಲಗಳಲ್ಲಿ ನೀರಿನೊಳಗೆ ಚಾಚಿಕೊಂಡಿರುವ ಈ ಸ್ಪಿಟ್ ಒಂದು. ಬೆಳಿಗ್ಗೆ ಬೇಗ ಹೋದರೆ ಕಣ್ಣಿನ ಎತ್ತರದ ಪೊದೆಗಳಲ್ಲೇ ಹಳದಿ, ಕಿತ್ತಳೆ, ನೀಲಿ ಬಣ್ಣದ ವಾರ್ಬ್ಲರ್‌ಗಳು ಹುಳ ಹುಡುಕುತ್ತಿರುತ್ತವೆ. ಇಲ್ಲಿ ಇದುವರೆಗೆ ದಾಖಲಾದ ಹಕ್ಕಿ ಜಾತಿಗಳು 300ಕ್ಕೂ ಹೆಚ್ಚು.

ಸೆಪ್ಟೆಂಬರ್ ಎರಡನೆಯ ಆಯ್ಕೆ. ಗೋಲ್ಡನ್‌ರಾಡ್ ಹೂ ಬಯಲಿಗೆಲ್ಲ ಹಳದಿ ಬಳಿದಿರುತ್ತದೆ. ಮೆಕ್ಸಿಕೊದ ಕಡೆ ಹೊರಟ ಮೊನಾರ್ಕ್ ಚಿಟ್ಟೆಗಳು ಅದರ ಮೇಲೆ ಕೂತು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಜುಲೈ, ಆಗಸ್ಟ್ ನಡುಹಗಲು ಬೇಡ. ಟಾರು ರಸ್ತೆಯಲ್ಲಿ ನೆರಳು ಬಹಳ ಕಡಿಮೆ, ಬಿಸಿಲು ನೀರಿನಿಂದಲೂ ಮುಖಕ್ಕೆ ರಾಚುತ್ತದೆ. ಚಳಿಗಾಲದಲ್ಲಿ ಹೋಗುವವರಿಗೆ ಬಾತುಗಳು, ಗೂಬೆಗಳು ಸಿಗುತ್ತವೆ. ಆದರೆ ಮೊದಲ ಭೇಟಿಯೇ ಜನವರಿಯಲ್ಲಿ ಆಗುವುದು ಬೇಡ.

2. ಗೇಟಿನವರೆಗೆ ತಲುಪುವುದು

ಗೇಟು ಇರುವುದು ಲೆಸ್ಲಿ ಸ್ಟ್ರೀಟ್ ಮತ್ತು ಅನ್ವಿನ್ ಅವೆನ್ಯೂ ಸೇರುವಲ್ಲಿ, ಲೆಸ್ಲಿ ಸ್ಟ್ರೀಟ್‌ನ ದಕ್ಷಿಣದ ತುದಿಯಲ್ಲಿ. ಟಿಟಿಸಿಯಲ್ಲಿ, ಅಂದರೆ ನಗರ ಸಾರಿಗೆಯಲ್ಲಿ ಬರುವವರಿಗೆ ಎರಡು ದಾರಿ. ಸಬ್‌ವೇ 2ನೇ ಲೈನಿನ ಡಾನ್‌ಲ್ಯಾಂಡ್ಸ್ ಸ್ಟೇಷನ್ನಿನಿಂದ 83 ಜೋನ್ಸ್ ಬಸ್ ಹತ್ತಿ ಕಮಿಷನರ್ಸ್ ಸ್ಟ್ರೀಟ್ ಹತ್ತಿರ ಇಳಿಯುವುದು ಒಂದು. ಅಲ್ಲಿಂದ ದಕ್ಷಿಣಕ್ಕೆ ಹತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ನಡಿಗೆ. ಇನ್ನೊಂದು, ಕ್ವೀನ್ ಸ್ಟ್ರೀಟ್ ಟ್ರಾಮ್‌ನಲ್ಲಿ ಬಂದು ಲೆಸ್ಲಿಯಲ್ಲಿ ಇಳಿಯುವುದು. ಆಗ ಗೇಟಿಗೆ ಸುಮಾರು ಇಪ್ಪತ್ತೈದು ನಿಮಿಷ ನಡೆಯಬೇಕು, ಆ ರಸ್ತೆಯೂ ಲಾರಿ, ಗೋದಾಮುಗಳ ರಸ್ತೆ. ವಯಸ್ಸಾದವರು ಜೊತೆಗಿದ್ದರೆ ಬಸ್ಸೇ ವಾಸಿ.

ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಬಸ್ ನಿಲ್ದಾಣದಿಂದ ಗೇಟಿಗೆ ಹೋಗಿ ಬರುವ ನಡಿಗೆಯನ್ನು ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಳಗೆ 10 ಕಿಲೋಮೀಟರ್ ನಡೆದು ಸುಸ್ತಾದ ಮೇಲೆ ಹೊರಗಿನ ಆ ಹತ್ತು ನಿಮಿಷ ಬಹಳ ಉದ್ದ ಅನಿಸುತ್ತದೆ. ಕಾರಿನಲ್ಲಿ ಬರುವವರಿಗೆ ಗೇಟಿನ ಹತ್ತಿರ ಪಾರ್ಕಿಂಗ್ ಇದೆ, ಆದರೆ ಜಾಗ ಕಮ್ಮಿ. ಬೇಸಿಗೆಯ ಶನಿವಾರ, ಭಾನುವಾರ ಬೇಗ ತುಂಬುತ್ತದೆ. ಒಳಗೆ ಕಾರು ಬಿಡುವುದಿಲ್ಲ.

ನಾಯಿಯನ್ನು ಕರೆತರುವಂತಿಲ್ಲ. ಬೆಲ್ಟ್ ಹಾಕಿ ಹಿಡಿದುಕೊಂಡಿದ್ದರೂ ಬಿಡುವುದಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಇಲ್ಲಿ ಸಾವಿರಾರು ಇವೆ, ನಾಯಿಯನ್ನು ಕಂಡರೇ ಅವು ಗೂಡು ಬಿಟ್ಟು ಏಳಬಹುದು. ಮನೆಯಲ್ಲಿ ನಾಯಿ ಇರುವವರು ಮೊದಲೇ ಬೇರೆ ಏರ್ಪಾಡು ಮಾಡಿಕೊಂಡು ಬನ್ನಿ. ಕಾರಿನಲ್ಲಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ.

ಶೌಚಾಲಯವನ್ನು ಗೇಟಿನ ಹತ್ತಿರವೇ ಮುಗಿಸಿಕೊಳ್ಳಿ. ಅಲ್ಲಿ ಹಾಕಿರುವ ನಕ್ಷೆಯ ಫೋಟೊ ತೆಗೆದುಕೊಳ್ಳಿ. ಗೂಡು ಕಟ್ಟುವ ಕಾಲದಲ್ಲಿ ಯಾವ ಭಾಗ ಮುಚ್ಚಿದೆ ಅನ್ನುವ ಸೂಚನೆಯನ್ನೂ ಓದಿಕೊಳ್ಳಿ.

3. ಎಲ್ಲಿಂದ ತಿರುಗುತ್ತೀರಿ ಅಂತ ಮೊದಲೇ ತೀರ್ಮಾನಿಸಿ

ಗೇಟಿನಿಂದ ತುದಿಯ ದೀಪಸ್ತಂಭಕ್ಕೆ ಸುಮಾರು 5 ಕಿಲೋಮೀಟರ್. ಹೋಗಿ ಬರಲು 10. ಮಧ್ಯೆ ಸುಸ್ತಾದರೆ ಹತ್ತಿಸಿಕೊಂಡು ಬರಲು ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ. ಎಷ್ಟು ಮುಂದೆ ಹೋದಿರೋ ಅಷ್ಟನ್ನೂ ಕಾಲಲ್ಲೇ ಹಿಂದೆ ಬರಬೇಕು.

ಮೂರು ಬಗೆಯಲ್ಲಿ ಯೋಚಿಸಬಹುದು. ಚಿಕ್ಕ ಮಕ್ಕಳು ಅಥವಾ ಮಂಡಿನೋವಿನ ಹಿರಿಯರು ಇದ್ದರೆ ಒಂದೂವರೆ ಕಿಲೋಮೀಟರ್ ಹೋಗಿ ತಿರುಗಿ. ಅಷ್ಟರಲ್ಲೇ ಕಾಡು, ಬಯಲು, ಕೊಳ ಮೂರೂ ಸಿಗುತ್ತವೆ, ಮೋಸವಿಲ್ಲ. ಸಾಮಾನ್ಯ ನಡಿಗೆಯ ಅಭ್ಯಾಸ ಇರುವವರು ನಡುವಿನ ಸೇತುವೆಯವರೆಗೆ ಹೋಗಿ ಬರಬಹುದು. ಪೂರ್ತಿ ಹೋಗುವವರು ನಾಲ್ಕು ಗಂಟೆ ಇಟ್ಟುಕೊಳ್ಳಿ. ಬರೀ ನಡೆದರೆ ಎರಡೂವರೆ ಗಂಟೆ ಸಾಕು, ಆದರೆ ಬರೀ ನಡೆಯಲು ಇಷ್ಟು ದೂರ ಯಾಕೆ ಬರಬೇಕು, ಅಲ್ವಾ?

ಮುಖ್ಯ ರಸ್ತೆಗೆ ಟಾರು ಹಾಕಿದೆ, ಹೆಚ್ಚುಕಡಿಮೆ ಸಮತಟ್ಟು. ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ ಎರಡೂ ಹೋಗುತ್ತವೆ. ಬದಿಯ ಮಣ್ಣಿನ ಹಾದಿಗಳಲ್ಲಿ ಅವು ಕಷ್ಟ.

ಸಂಜೆ ಹೋಗುವವರಿಗೆ ಒಂದು ಮಾತು. ಸೂರ್ಯ ಮುಳುಗುವ ಹೊತ್ತನ್ನು ನೋಡಿಕೊಂಡು, ಅದಕ್ಕೆ ಮೊದಲೇ ಗೇಟಿಗೆ ವಾಪಸ್ ಬರುವ ಹಾಗೆ ತಿರುಗಿ. ದಾರಿಯಲ್ಲಿ ಬೀದಿದೀಪಗಳಿಲ್ಲ. ಜೂನ್‌ನಲ್ಲಿ ಬೆಳಕು ರಾತ್ರಿ 9ರವರೆಗೂ ಇರುತ್ತದೆ, ಅಕ್ಟೋಬರ್ ಕೊನೆಗೆ ಆರೂಕಾಲಿಗೇ ಸೂರ್ಯ ಮುಳುಗುತ್ತಾನೆ.

4. ಮೊದಲ ಕಿಲೋಮೀಟರ್: ಸೈಕಲ್‌ಗಳನ್ನು ಗಮನಿಸಿ, ಮರಗಳನ್ನು ನೋಡಿ

ರಸ್ತೆಯ ಬಲಗಡೆ ನಡೆಯಿರಿ. ಸೈಕಲ್ಲಿನವರು ಎಡದಿಂದ ದಾಟುತ್ತಾರೆ. ಊರಿನ ಅಭ್ಯಾಸದಲ್ಲಿ ಎಡಗಡೆ ನಡೆಯುವ ಅಪ್ಪ ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿ. ಇದು ಕಾರಿಲ್ಲದ ಉದ್ದನೆಯ ರಸ್ತೆ, ಹಾಗಾಗಿ ಕೆಲವರು ಗುಂಪಾಗಿ, ಬಹಳ ವೇಗವಾಗಿ ಸೈಕಲ್ ಹೊಡೆಯುತ್ತಾರೆ. ನಾಲ್ಕು ಜನ ಸಾಲಾಗಿ ಕೈ ಹಿಡಿದು ಹರಟುತ್ತಾ ನಡೆಯಬೇಡಿ. ಹಕ್ಕಿ ಕಂಡಿತು ಅಂತ ದಾರಿ ಮಧ್ಯೆ ತಟಕ್ಕನೆ ನಿಲ್ಲಬೇಡಿ, ಮೊದಲು ಬದಿಗೆ ಸರಿದು ಆಮೇಲೆ ನೋಡಿ. ಗಂಟೆಯ ಸದ್ದು ಕೇಳಿದರೆ ಗಾಬರಿಯಾಗಿ ಎಡಕ್ಕೆ ಜಿಗಿಯಬೇಡಿ, ಇದ್ದಲ್ಲೇ ನೇರ ನಡೆಯುತ್ತಿರಿ. ಸ್ಪಿಟ್‌ನಲ್ಲಿ ಕಯೋಟಿ ಇದೆ, ಅದು ನಾಯಿಯ ಜಾತಿಗೆ ಸೇರಿದ, ನರಿಗಿಂತ ದೊಡ್ಡ ಪ್ರಾಣಿ. ಆದರೆ ಅದಕ್ಕಿಂತ ನಾನು ಜಾಸ್ತಿ ಎಚ್ಚರ ಹೇಳುವುದು ಸೈಕಲ್ ಬಗ್ಗೆಯೇ.

ಇನ್ನು ಮರಗಳು. ತ್ರಿಕೋನದ ಎಲೆ, ಸಣ್ಣ ಗಾಳಿಗೂ ಪಟಪಟ ಸದ್ದು, ಆಳವಾಗಿ ಸೀಳಿದ ಬೂದು ತೊಗಟೆ, ಇಷ್ಟು ಕಂಡರೆ ಅದು ಕಾಟನ್‌ವುಡ್. ಪಾಪ್ಲರ್ ಜಾತಿಯ ಮರ. ಸ್ಪಿಟ್‌ನ ಕಾಡು ಅಂದರೆ ಮುಖ್ಯವಾಗಿ ಇದೇ. ಜೂನ್‌ನಲ್ಲಿ ಹೋದರೆ ಇದರ ಬೀಜ ಹತ್ತಿಯಂಥ ನವಿರಿಗೆ ಅಂಟಿಕೊಂಡು ದಾರಿಯೆಲ್ಲ ತೇಲಾಡುತ್ತಿರುತ್ತದೆ. ಆ ಬೀಜಕ್ಕೆ ಫಲವತ್ತಾದ ತೋಟದ ಮಣ್ಣು ಬೇಕಿಲ್ಲ. ಬೇಕಾದದ್ದು ಬೇರೆ ಗಿಡಗಳಿಲ್ಲದ, ಬಿಸಿಲು ಬೀಳುವ, ಹಸಿಯಾದ ಬರಿ ಮರಳು. ನೀರಿನಿಂದ ತೆಗೆದು ಸುರಿದ ಹೊಸ ಮರಳು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹೀಗೆ ಖಾಲಿ ನೆಲಕ್ಕೆ ಎಲ್ಲರಿಗಿಂತ ಮೊದಲು ಬಂದು ನೆಲೆಯೂರುವ ಗಿಡಗಳನ್ನು ಮುಂಚೂಣಿ ಜಾತಿ ಅನ್ನುತ್ತಾರೆ.

ಇನ್ನೊಂದು ವಿಷಯವನ್ನು ನಿಂತು ನೋಡಿ. ದೊಡ್ಡ ಕಾಟನ್‌ವುಡ್‌ಗಳ ಬುಡದಲ್ಲಿ ಅದರದೇ ಸಸಿ ಕಾಣುವುದು ಅಪರೂಪ. ನೆರಳಿನಲ್ಲಿ ಅದರ ಮರಿ ಬದುಕುವುದಿಲ್ಲ. ಅಂದರೆ ಈ ಕಾಡು ಹೀಗೆಯೇ ಉಳಿಯುವುದಲ್ಲ. ಈ ಮರಗಳು ಮುದಿಯಾಗುವ ಹೊತ್ತಿಗೆ ನೆರಳು ತಾಳುವ ಬೇರೆ ಜಾತಿಗಳು ಜಾಗ ಹಿಡಿಯುತ್ತವೆ. ಮರಳಿನ ಭಾಗದ ಕಾಡಿಗೆ ಈಗ ಹೆಚ್ಚೆಂದರೆ ಐವತ್ತು ಚಿಲ್ಲರೆ ವರ್ಷ. ನಿಮ್ಮ ಜೊತೆ ಬಂದಿರುವ ಅಮ್ಮನಿಗೆ ಈ ಮರಗಳಿಗಿಂತ ಹೆಚ್ಚು ವಯಸ್ಸಾಗಿರಬಹುದು.

5. ಕೊಳಗಳ ಹತ್ತಿರ: ನಿಧಾನ ಮಾಡಬೇಕಾದ ಜಾಗ

ಮುಂದೆ ಸರೋವರದ ಕಡೆಗೆ ದೊಡ್ಡ ಕೊಳಗಳು ಸಿಗುತ್ತವೆ. ಫಲಕಗಳಲ್ಲಿ ಇವನ್ನು ಸೆಲ್ 1, ಸೆಲ್ 2, ಸೆಲ್ 3 ಅಂತ ಬರೆದಿರುತ್ತದೆ. ಬ್ಯಾಟರಿಯೂ ಅಲ್ಲ, ಜೈಲೂ ಅಲ್ಲ. ಇವು ಹೂಳು ತುಂಬಲು ಕಟ್ಟಿದ ತೊಟ್ಟಿಗಳು.

ಡಾನ್ ನದಿ ನಗರದ ನಡುವೆ ಹರಿದು ಬಂದು ಬಂದರಿಗೆ ಸೇರುತ್ತದೆ. ಬರುವಾಗ ಹೂಳನ್ನೂ ತರುತ್ತದೆ. ನದಿಯ ಬಾಯಿ ಕಟ್ಟಿಕೊಳ್ಳದ ಹಾಗೆ ಆ ಹೂಳನ್ನು ಆಗಾಗ ತೆಗೆಯಲೇಬೇಕು. ನಗರದ, ಕೈಗಾರಿಕೆಗಳ ಕೊಳೆ ಸೇರಿದ ಹೂಳು ಅದು, ಸರೋವರಕ್ಕೆ ಸುಮ್ನೆ ಸುರಿಯುವ ಹಾಗಿಲ್ಲ. ಅದಕ್ಕೇ 1970ರ ದಶಕದ ಕೊನೆಯಲ್ಲಿ ಕಲ್ಲಿನ ದಂಡೆ ಕಟ್ಟಿ, ಒಳಗೆ ಈ ಮೂರು ತೊಟ್ಟಿ ಮಾಡಿದರು. ತೊಟ್ಟಿ ತುಂಬಿದ ಮೇಲೆ ಕೊಳೆ ಹೂಳಿನ ಮೇಲೆ ಶುದ್ಧ ಮಣ್ಣಿನ ಪದರ ಮುಚ್ಚುತ್ತಾರೆ. ಆಮೇಲೆ ಅದರ ಮೇಲೆ ತೆಳುವಾಗಿ ನೀರು ನಿಲ್ಲುವ ಜೌಗು ಮಾಡುತ್ತಾರೆ. ಮೊದಲನೆಯ ಮತ್ತು ಎರಡನೆಯ ಸೆಲ್ ಈಗ ಹಾಗೆ ಜೌಗಾಗಿವೆ.

ದಡದಲ್ಲಿ ಹತ್ತು ನಿಮಿಷ ಸದ್ದಿಲ್ಲದೆ ನಿಲ್ಲಿ. ಬಿಸಿಲಿಗೆ ಮೈಯೊಡ್ಡಿ ಮರದ ದಿಮ್ಮಿಯ ಮೇಲೆ ಸಾಲಾಗಿ ಕೂತ ಆಮೆಗಳು, ಕದಲದೆ ನಿಂತ ಬಕ, ಸಂಜೆಯಾದರೆ ನೀರು ಸೀಳಿಕೊಂಡು ಹೋಗುವ ಬೀವರ್. ಬೀವರ್ ಕಾಣದಿದ್ದರೂ ಅದರ ಕೆಲಸ ಕಾಣುತ್ತದೆ. ಪೆನ್ಸಿಲ್ ಚೂಪು ಮಾಡಿದ ಹಾಗೆ ಕಡಿದು ಬಿಟ್ಟ ಮರದ ಬುಡಗಳು ದಾರಿಯ ಬದಿಯಲ್ಲೇ ಇರುತ್ತವೆ. ಕೆಲವು ಮರಗಳ ಕಾಂಡಕ್ಕೆ ತಂತಿ ಬಲೆ ಸುತ್ತಿರುವುದನ್ನು ನೋಡಿದರೆ ಆಶ್ಚರ್ಯಪಡಬೇಡಿ, ಅದು ಬೀವರ್ ಹಲ್ಲಿನಿಂದ ಮರ ಉಳಿಸಿಕೊಳ್ಳುವ ಉಪಾಯ.

ನೀರು ಬಂದು ಹೋಗುವ ಬಾಯಿಯಲ್ಲಿ ಕಂಬಿಗಳ ತಡೆ ಹಾಕಿರುವುದು ಕಂಡರೆ, ಅದು ದೊಡ್ಡ ಕಾರ್ಪ್ ಮೀನು ಒಳಗೆ ಬರದಿರಲಿ ಅಂತ. ಕಾರ್ಪ್ ತಳ ಕೆದಕಿ ನೀರು ಕದಡುತ್ತದೆ, ನೀರಿನ ಗಿಡಗಳು ಬೇರು ಸಮೇತ ಕಿತ್ತುಬರುತ್ತವೆ. ಸಣ್ಣ ಮೀನುಗಳು ಕಂಬಿಯ ನಡುವೆ ನುಸುಳುತ್ತವೆ.

ಇಲ್ಲಿ ಮಾಡಬಾರದ ಕೆಲಸ: ಬಾತು, ಹಂಸಗಳಿಗೆ ಬ್ರೆಡ್ಡು, ಚಪಾತಿ ಚೂರು ಹಾಕುವುದು. ಪ್ರೀತಿಯಿಂದಲೇ ಹಾಕುತ್ತೀರಿ, ಗೊತ್ತು. ಆದರೆ ಕಾಡುಪ್ರಾಣಿಗೆ ಮನುಷ್ಯರ ತಿಂಡಿಯ ರುಚಿ ಹತ್ತಿದರೆ ಕೊನೆಗೆ ತೊಂದರೆ ಅದಕ್ಕೇ. ಕಯೋಟಿಗಂತೂ ಏನನ್ನೂ ಎಸೆಯಬೇಡಿ. ಅದು ಎದುರಾದರೆ ಓಡಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಅದರ ಕಡೆ ಮುಖ ಮಾಡಿ ನಿಂತು, ಗಟ್ಟಿಯಾಗಿ ಕೂಗಿ, ನಿಧಾನವಾಗಿ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಅದೇ ಪೊದೆಗೆ ನುಗ್ಗಿ ಹೋಗುತ್ತದೆ.

6. ಸೇತುವೆ ಮತ್ತು ನೀರುಕಾಗೆಗಳ ಊರು

ಮಧ್ಯ ದಾರಿಯಲ್ಲಿ ಒಂದು ಚಿಕ್ಕ ಸೇತುವೆ ಬರುತ್ತದೆ. ಬಲಗಡೆ ನೋಡಿದರೆ ನಿಂತ ನೀರಿನಲ್ಲಿ ಹಾಯಿದೋಣಿಗಳು, ಅವುಗಳ ಹಿಂದೆ ನಗರದ ಎತ್ತರದ ಕಟ್ಟಡಗಳು. ಫೋಟೊ ತೆಗೆಯಲು ಎಲ್ಲರೂ ಇಲ್ಲಿ ನಿಲ್ಲುತ್ತಾರೆ, ದಾರಿ ಇಕ್ಕಟ್ಟಾಗುತ್ತದೆ. ಸೇತುವೆ ದಾಟಿ ನಿಂತು ತೆಗೆಯಿರಿ.

ಏಪ್ರಿಲ್‌ನಿಂದ ಬೇಸಿಗೆಯ ಕೊನೆಯವರೆಗೆ ಈ ಕಡೆ ಹೋದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ. ಹಿಕ್ಕೆಯ ಖಾರವಾದ ವಾಸನೆ. ಆಮೇಲೆ ಗದ್ದಲ. ಆಮೇಲೆ ಎಲೆಯಿಲ್ಲದ, ಬಿಳಿಚಿಕೊಂಡ ಮರಗಳು ಕಾಣುತ್ತವೆ, ಒಂದೊಂದರಲ್ಲೂ ಹತ್ತಾರು ಗೂಡು. ಇವು ಎರಡು ಜುಟ್ಟಿನ ನೀರುಕಾಗೆಗಳು. 1990ರಲ್ಲಿ ಇಲ್ಲಿ ಇದ್ದದ್ದು 6 ಗೂಡು. ಆಮೇಲೆ ಅದು ಹತ್ತು ಸಾವಿರ ದಾಟಿತು. ಮಹಾಸರೋವರಗಳ ಸೀಮೆಯ ಅತಿ ದೊಡ್ಡ ನೀರುಕಾಗೆ ವಸಾಹತುಗಳಲ್ಲಿ ಇದೂ ಒಂದು.

‘ಮರಗಳಿಗೆ ಏನು ರೋಗ?’ ಅಂತ ಬಹಳ ಜನ ಕೇಳುತ್ತಾರೆ. ರೋಗವಲ್ಲ. ಸಾವಿರಾರು ಹಕ್ಕಿಗಳ ಹಿಕ್ಕೆ ವರ್ಷ ವರ್ಷ ಬಿದ್ದು ಮಣ್ಣಿನ ಗುಣವೇ ಕೆಡುತ್ತದೆ. ಗೂಡಿಗಾಗಿ ರೆಂಬೆಗಳನ್ನೂ ಮುರಿಯುತ್ತವೆ. ಮರ ಸೊರಗಿ ಸಾಯುತ್ತದೆ, ಹಕ್ಕಿಗಳು ಪಕ್ಕದ ಮರಕ್ಕೆ ಹೋಗುತ್ತವೆ. ಹಾಗಂತ ಹಕ್ಕಿಗಳನ್ನು ಓಡಿಸಿದರೆ ಅವು ಎಲ್ಲಿಗೆ ಹೋಗಬೇಕು? ಇಲ್ಲಿನವರು ಹಿಡಿದ ದಾರಿ ನನಗೆ ಬಹಳ ಇಷ್ಟ. ನೀರುಕಾಗೆ ನೆಲದ ಮೇಲೂ ಗೂಡು ಕಟ್ಟುತ್ತದೆ. ಹಾಗಾಗಿ ನೆಲದಲ್ಲಿ ಗೂಡು ಕಟ್ಟುವ ಜಾಗಗಳನ್ನು ಅವಕ್ಕೆ ಅನುಕೂಲವಾಗುವಂತೆ ಕಾಯ್ದರು, ಹೊಸ ಮರಗಳಿಗೆ ಹಬ್ಬದಂತೆ ತಡೆದರು. ಗೂಡುಗಳ ದೊಡ್ಡ ಪಾಲು ಈಗ ನೆಲಕ್ಕೆ ಇಳಿದಿದೆ. ಮರವೂ ಉಳಿಯಬೇಕು, ಹಕ್ಕಿಯೂ ಉಳಿಯಬೇಕು ಅಂದುಕೊಂಡು ತಾಳ್ಮೆಯಿಂದ ಮಾಡಿದ ಕೆಲಸ ಅದು.

ಗೂಡು ಕಟ್ಟುವ ಕಾಲದಲ್ಲಿ ಬಲಗಡೆ ಬೆರಳಿನಂತೆ ಚಾಚಿರುವ ನೆಲಗಳಿಗೆ ಪ್ರವೇಶ ಮುಚ್ಚಿರುತ್ತಾರೆ. ಸರಪಳಿ ಅಥವಾ ಫಲಕ ಕಂಡರೆ ಅಲ್ಲೇ ನಿಲ್ಲಿ. ‘ಒಂದು ಫೋಟೊ ಅಷ್ಟೇ’ ಅಂತ ದಾಟಬೇಡಿ. ಒಬ್ಬ ಮನುಷ್ಯ ಹತ್ತಿರ ಹೋದರೆ ಇಡೀ ಗುಂಪು ಒಟ್ಟಿಗೆ ಏಳುತ್ತದೆ. ಆ ಕೆಲವು ನಿಮಿಷಗಳಲ್ಲಿ ಕಾದು ಕೂತ ಗಲ್ ಹಕ್ಕಿಗಳು ಮೊಟ್ಟೆ, ಮರಿ ಎತ್ತಿಕೊಂಡು ಹೋಗುತ್ತವೆ. ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಚೆನ್ನಾಗಿಯೇ ಕಾಣುತ್ತದೆ. ಡ್ರೋನ್ ಹಾರಿಸುವಂತಿಲ್ಲ.

7. ಇಟ್ಟಿಗೆಯ ದಡ

ಎಡಗಡೆ, ತೆರೆದ ಸರೋವರದ ಕಡೆಯ ದಡವನ್ನು ಎಷ್ಟೋ ಜನ ನೋಡದೆಯೇ ಹೋಗುತ್ತಾರೆ. ನನಗೆ ಸ್ಪಿಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸು ಹಿಡಿದಿಡುವ ಜಾಗ ಅದು. ಹಳೆಯ ಟೊರಾಂಟೊದ ಮನೆ, ಅಂಗಡಿ, ಕಾರ್ಖಾನೆಗಳ ಗೋಡೆಗಳು ಅಲ್ಲಿ ಬಿದ್ದಿವೆ. ಅಲೆ ಉಜ್ಜಿ ಉಜ್ಜಿ ಇಟ್ಟಿಗೆಗಳು ಹೊಳೆಯ ಕಲ್ಲಿನಂತೆ ದುಂಡಗಾಗಿವೆ. ಹುಡುಕಿದರೆ ಬಚ್ಚಲುಮನೆಯ ಟೈಲ್ಸಿನ ಚೂರು, ಒಂದೆರಡು ಅಕ್ಷರ ಉಳಿದ ಇಟ್ಟಿಗೆ, ದೀಪದ ಕಂಬದ ಕಾಂಕ್ರೀಟು ಸಿಗುತ್ತವೆ. ಬಿರುಕುಗಳಲ್ಲಿ ಬಿಳಿ ಕ್ಲೋವರ್, ಕಾಡು ಕ್ಯಾರೆಟ್ ಹೂ ಬಿಟ್ಟಿರುತ್ತವೆ. ಬಂದು ಹೋದವರು ಇಟ್ಟಿಗೆ, ಕಂಬಿ ಜೋಡಿಸಿ ಚಿಕ್ಕ ಚಿಕ್ಕ ಗೋಪುರಗಳನ್ನೂ ಕಟ್ಟಿರುತ್ತಾರೆ.

ಆದರೆ ಅಪಾಯವಿರುವುದೂ ಇಲ್ಲೇ, ಆದ್ದರಿಂದ ಇದನ್ನು ಗಮನವಿಟ್ಟು ಓದಿ. ಕಾಂಕ್ರೀಟಿನೊಳಗೆ ಹಾಕುವ ಕಬ್ಬಿಣದ ಕಂಬಿಗಳು ಎಲ್ಲೆಂದರಲ್ಲಿ ಮೇಲೆ ಚಾಚಿಕೊಂಡಿವೆ, ತುಕ್ಕು ಹಿಡಿದಿವೆ, ಕೆಲವು ಹುಲ್ಲಿನಲ್ಲಿ ಮುಚ್ಚಿಹೋಗಿವೆ. ಕಾಂಕ್ರೀಟ್ ಹಲಗೆಗಳು ಕಾಲಿಟ್ಟರೆ ಅಲುಗಾಡುತ್ತವೆ. ನೀರಿನ ಅಂಚಿನಲ್ಲಿ ಪಾಚಿ. ಮಕ್ಕಳನ್ನು ಇಲ್ಲಿ ಓಡಲು ಬಿಡಬೇಡಿ, ಕೈ ಹಿಡಿದೇ ಕರೆದುಕೊಂಡು ಹೋಗಿ. ಗಾಳಿ ಜೋರಾಗಿದ್ದ ದಿನ, ಮಳೆ ಬಂದ ಮರುದಿನ, ಚಳಿಗಾಲದಲ್ಲಿ ಐಸ್ ಕಟ್ಟಿದ್ದಾಗ ದಡಕ್ಕೆ ಇಳಿಯಲೇಬೇಡಿ, ಮೇಲಿನಿಂದ ನೋಡಿ. ಈಜಲು ಇದು ಜಾಗವಲ್ಲ. ನೀರೊಳಗೂ ಕಂಬಿಗಳಿವೆ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿದ್ದೆವು ಅಂತ ನೆನಪಿಲ್ಲದವರು ದಡದ ಕಡೆ ಇನ್ನೂ ಹುಷಾರಾಗಿರಿ, ಗಾಯವಾದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ನೆನಪಿಗೆ ಅಂತ ಇಟ್ಟಿಗೆ, ಗಿಡ, ಗರಿ ಏನನ್ನೂ ಮನೆಗೆ ತರಬೇಡಿ. ಫೋಟೊ ಸಾಕು.

8. ದೀಪಸ್ತಂಭದ ದಿಬ್ಬ

ಕೊನೆಯ ಏರು ಚಿಕ್ಕದು. ದೀಪಸ್ತಂಭವೂ ಚಿಕ್ಕದೇ. ತುದಿಗೆ ವಿಕಿ ಕೀತ್ ಪಾಯಿಂಟ್ ಅಂತ ಹೆಸರು. ವಿಕಿ ಕೀತ್ 1988ರಲ್ಲಿ ಐದೂ ಮಹಾಸರೋವರಗಳನ್ನು ಈಜಿ ದಾಟಿದ ಕೆನಡಾದ ಈಜುಗಾರ್ತಿ. ದಿಬ್ಬದ ಮೇಲೆ ನಿಂತರೆ ಒಂದು ಕಡೆ ದಡವೇ ಕಾಣದ ನೀರು, ಇನ್ನೊಂದು ಕಡೆ ನೀವು ಬಂದ ಹಸಿರು ದಾರಿ, ಅದರ ಆಚೆ ಸಿಎನ್ ಟವರ್. ಗಾಳಿ ಇಲ್ಲಿ ಎಲ್ಲಕ್ಕಿಂತ ಜೋರು. ತಂದ ತಿಂಡಿಯನ್ನು ದಿಬ್ಬದ ಮರೆಯಲ್ಲಿ ಕೂತು ತಿನ್ನಿ. ಬೆಂಕಿ ಹಾಕುವಂತಿಲ್ಲ.

ನೀರು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಇಲ್ಲಿ ಜಾಸ್ತಿ ಹೊತ್ತು ಕೂರಬೇಡಿ.

9. ವಾಪಸ್ ಬರುವಾಗ

ಬಂದ ಟಾರು ರಸ್ತೆಯಲ್ಲೇ ಹಿಂದಿರುಗುವ ಬದಲು, ನಡೆಯುವವರಿಗೆ ಮಾತ್ರ ಇರುವ ಮಣ್ಣಿನ ಹಾದಿಗಳು ತೆರೆದಿದ್ದರೆ ಅವನ್ನು ಹಿಡಿಯಿರಿ. ಸೈಕಲ್ ಕಾಟ ಇರುವುದಿಲ್ಲ, ಮರದ ನೆರಳಿರುತ್ತದೆ. ಗೇಟಿನಲ್ಲಿ ತೆಗೆದ ನಕ್ಷೆಯ ಫೋಟೊ ಈಗ ಉಪಯೋಗಕ್ಕೆ ಬರುತ್ತದೆ. ಗುರುತು ಹಾಕಿದ ಹಾದಿ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ. ಜನ ತುಳಿದು ತುಳಿದು ಮಾಡಿದ ಅಡ್ಡದಾರಿಗಳು ಕಂಡರೂ ಅವನ್ನು ಇನ್ನಷ್ಟು ಅಗಲ ಮಾಡುವುದು ಬೇಡ. ಹುಲ್ಲಿನ ಬುಡದಲ್ಲಿ ಗೂಡುಗಳಿರುತ್ತವೆ.

ಚಳಿಗಾಲದಲ್ಲಿ ಗೂಬೆ ಕಂಡರೆ ದೂರದಲ್ಲೇ ನಿಂತು ನೋಡಿ, ಬೇಗ ಮುಂದೆ ಸಾಗಿ. ಕೂತ ಜಾಗದ ಗುರುತು ಹಾಕಿ ಫೋನಿನಲ್ಲಿ ಹಂಚಬೇಡಿ. ಅರ್ಧ ಗಂಟೆಯಲ್ಲಿ ಅಲ್ಲಿ ಇಪ್ಪತ್ತು ಕ್ಯಾಮೆರಾ ಸೇರುತ್ತವೆ, ಹಗಲು ನಿದ್ದೆ ಮಾಡಬೇಕಾದ ಹಕ್ಕಿ ಅಲ್ಲಿಂದ ಇಲ್ಲಿಗೆ ಹಾರುತ್ತಾ ಶಕ್ತಿ ಕಳೆದುಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇದೆ. ಒಂಟಾರಿಯೊದ ಹುಲ್ಲುಗಾವಲು, ಕಾಡುಗಳಲ್ಲಿ ಕಪ್ಪು ಕಾಲಿನ ಉಣ್ಣಿ ಇರಬಹುದು. ಲೈಮ್ ಕಾಯಿಲೆ ಹರಡುವುದು ಅದೇ. ಹವೆ 4 ಡಿಗ್ರಿ ದಾಟಿದರೆ ಸಾಕು, ಅದು ಚುರುಕಾಗಿರುತ್ತದೆ, ಬೇಸಿಗೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಡೆಯುವಾಗ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ಮನೆಯಲ್ಲಿ ಸ್ನಾನಕ್ಕೆ ಮೊದಲು ಮಂಡಿಯ ಹಿಂಭಾಗ, ತೊಡೆ ಸಂದು, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಗೂದಲು ನೋಡಿ. ಉಣ್ಣಿ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ, ಎಣ್ಣೆ ಹಚ್ಚಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ತೆಗೆದ ಉಣ್ಣಿಯ ಫೋಟೊ ಇಟ್ಟುಕೊಂಡು ಅವತ್ತೇ ಹತ್ತಿರದ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ತೋರಿಸಿ. ಉಣ್ಣಿ ಕಡಿತಕ್ಕೆ ಮುಂಜಾಗ್ರತೆಯ ಮಾತ್ರೆ ಬರೆದುಕೊಡುವ ಅಧಿಕಾರ ಒಂಟಾರಿಯೊದಲ್ಲಿ ಅವರಿಗೂ ಇದೆ. ಆ ಮಾತ್ರೆ ಕೊಡುವುದು ಉಣ್ಣಿ ತೆಗೆದ 72 ಗಂಟೆಯೊಳಗೆ, ಆದ್ದರಿಂದ ಸೋಮವಾರ ನೋಡೋಣ ಅಂತ ಮುಂದೂಡಬೇಡಿ.